ಕಳೆಗೆ ಹುಲ್ಲು ಹೊದಿಸಿದ ಮಾವ

ಹೊಸೂರಿನ ಹತ್ತಿರದ ನಮ್ಮೂರು ತಳಿಯ ಸುತ್ತಮುತ್ತ ಕಳೆ ಕೀಳುವವರಿದ್ದಾರೆ, ಕಳೆಗೆ ಔಷಧಿ ಹೊಡೆಯುವವರಿದ್ದಾರೆ. ಕಳೆಯ ಮೇಲೆ ಯುದ್ಧ ಸಾರಿ ರಾಗಿ ಬೆಳೆದವರು ಮಾತ್ರ ನಮ್ಮ ಸೋದರಮಾವ ಒಬ್ಬರೇ!

ಮಾವ ಹೊಸೂರಿನ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವರು. ಊರವರ ಕೆಲಸದಲ್ಲೆಲ್ಲ ತಪ್ಪು ಹುಡುಕಿ ರಿಟೈರಾದ ಪುಣ್ಯಾತ್ಮ. ಮನೆ ಹಿಂದಿನ ತರಕಾರಿ ತೋಟವೆಲ್ಲ ಅತ್ತೆಯದು. ಹೋದ ವರ್ಷ ಅತ್ತೆ ಬಿದ್ದು ಸೊಂಟ ಮುರಿದುಕೊಂಡರು. ಆಪರೇಷನ್ ಆಯಿತು, ಕುಕ್ಕರಗಾಲಲ್ಲಿ ಕೂರುವುದು ನಿಂತಿತು. "ಕಳೆ ಕೀಳಾಕಾಗ್ದೋಳ್ಗೆ ತೋಟ ಯಾಕೆ? ಬುಟ್ಬುಡಿ" ಎಂದು ಟೀವಿ ಮುಂದೆ ಕೂತವರು ಹಿತ್ತಲ ಬಾಗಿಲೇ ದಾಟಲಿಲ್ಲ. ನಡೆಯದಿದ್ದರೆ ಕಾಲು ಕೂತೇಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಮಾವನಿಗೆ ಅದೇ ಭಯ.

"ಕಳೇನೇ ಬರ್ದಂಗೆ ಮಾಡಿದ್ರೆ ಬತ್ತಾಳಲ್ಲ!" ಎಂದು ಮಾವ ಫೋನಿನಲ್ಲಿ ವಿಡಿಯೋ ನೋಡಿ ಒಂದು ಲೋಡು ಹುಲ್ಲು ತರಿಸಿದರು. ಟೊಮ್ಯಾಟೊ, ಬದನೆ, ಮೆಣಸಿನ ಸಾಲಿಗೆಲ್ಲ ಹಾಸಿ, ಸ್ಟೀಲ್ ಸ್ಕೇಲು ಚುಚ್ಚಿ ಚುಚ್ಚಿ ದಪ್ಪ ಅಳೆದರು. ಒಂದು ಕಡೆ ಅರ್ಧ ಇಂಚು ಕಮ್ಮಿ ಬಂತೆಂದು ತಮ್ಮ ಕೆಲಸವನ್ನು ತಾವೇ ರಿಜೆಕ್ಟ್ ಮಾಡಿದರು!

ಹಾಲು ಮಾರುವ ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಎದೆ ಬಡಿದುಕೊಂಡಳು. "ಅಯ್ಯೋ ಸಾರ್, ನನ್ನ ಹಸ ಮೇವಿಲ್ದೆ ಒಣಗ್ತೈತೆ, ನೀವು ಬದ್ನೆಗಿಡಕ್ಕೆ ಹಾಸ್ಗೆ ಹಾಸ್ತಾ ಇದ್ದೀರಲ್ಲಾ!"

"ಇದು ಮಲ್ಚಿಂಗು ಕಣಮ್ಮ. ಬಿಸ್ಲು ತಾಗ್ದಿದ್ರೆ ಕಳೆ ಹುಟ್ಟಲ್ಲ."

ಹಸುವಿಗೆ ಇಂಗ್ಲಿಷ್ ಬರಬೇಕಲ್ಲ! ಮಾರನೆಯ ದಿನ ಬೇಲಿ ನುಗ್ಗಿ ಎರಡು ಸಾಲು ಮಲ್ಚಿಂಗನ್ನು ಸೊಗಸಾಗಿ ಮೇದು ಹೋಯಿತು.

ಅದಾದರೂ ವಾಸಿ. ಮಾವ ತರಿಸಿದ್ದು ರಾಗಿ ಹುಲ್ಲು. ನಮ್ಮ ಕಡೆ ರಾಗಿಯನ್ನು ಟಾರು ರಸ್ತೆಗೆ ಹರವಿ ಬಸ್ಸು ಲಾರಿಗಳ ಕೈಲಿ ತುಳಿಸುವುದು ವಾಡಿಕೆ. ಡ್ರೈವರು ಪಕ್ಕಕ್ಕೆ ಸರಿದು ಹೋದನೋ, ಕಾಳು ಹುಲ್ಲಲ್ಲೇ ಉಳಿಯಿತು. ಜೀವನವೆಲ್ಲ ತಪಾಸಣೆ ಮಾಡಿದ ಮಾವ ಹುಲ್ಲನ್ನು ಮಾತ್ರ ಕೊಡವಿ ನೋಡಲಿಲ್ಲ. ಒಂದು ಮಳೆ ಬಿತ್ತು ನೋಡಿ, ಕಳೆ ಪಾಪ ಅಡಿಯಲ್ಲೇ ಸತ್ತಿತ್ತು. ಮೇಲೆ ರಾಗಿ ಹಚ್ಚಗೆ ಎದ್ದು ನಿಂತಿತು!

ಊರೆಲ್ಲ ನಕ್ಕಿತು. ನಾನೂ ನಗೋಣವೆಂದೇ ಹೋದೆ. ಮಾವ ಪಂಚೆ ಎತ್ತಿ ಕಟ್ಟಿ ರಾಗಿ ಪೈರು ಕೀಳುತ್ತಿದ್ದರು. ಬದುವಿನ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಯಾರು? ಅತ್ತೆ!

"ಅಯ್ಯೋ, ಅದು ಮೆಣಸಿನ್ಗಿಡ ಕಣ್ರೀ! ಬುಡಿ, ಬುಡಿ!" ಎನ್ನುತ್ತ ಕೋಲೂರಿ ಎದ್ದ ಅತ್ತೆ ಸಾಲಿನ ತನಕ ನಡೆದೇ ಬಂದು, ಚೆನ್ನಾಗಿ ಬೈದು, ಮತ್ತೆ ನಡೆದೇ ಹೋಗಿ ಕೂತರು. ರಾಗಿಗೂ ಮೆಣಸಿಗೂ ವ್ಯತ್ಯಾಸ ತಿಳಿಯದವರು ತಳಿಯಲ್ಲಿ ಇದ್ದಾರೆಯೇ?

"ಇಬ್ರು ಆಳು ಕರೀಬಾರ್ದಾ ಮಾವ?" ಅಂದೆ.

ಮಾವ ದನಿ ತಗ್ಗಿಸಿದರು. "ಆಳುಗಳು ಸರ್ಯಾಗಿ ಕಿತ್ಬುಡ್ತಾರೆ ಕಣ್ಲಾ. ಆಮ್ಯಾಕೆ ಅವಳು ಯಾಕ್ಲಾ ಆಚೆ ಬತ್ತಾಳೆ?"

ಮಾವ ಒಮ್ಮೆ ಕುರ್ಚಿಯ ಕಡೆ ನೋಡಿ, ಇನ್ನೊಂದು ಮೆಣಸಿನ ಗಿಡಕ್ಕೆ ಕೈ ಹಾಕಿದರು.