ಮನೆಗೊಬ್ಬರು

ಬಾಗಿಲು ಬಡಿದ ಸದ್ದಿಗೆ ಅವನು ಎದ್ದು ಕುಳಿತ. ಚಿಲಕ ತೆಗೆಯುವಷ್ಟರಲ್ಲಿ ಇನ್ನೆರಡು ಪೆಟ್ಟು ಬಿದ್ದವು. ಹೊರಗೆ ಟಾರ್ಚು ಹಿಡಿದು ನಿಂತಿದ್ದ ಮನೆ ಮಾಲೀಕರು ಬಂದ ಕಾರಣ ಹೇಳಲಿಲ್ಲ.

“ಬಾಯಿ ತೆಗಿ,” ಎಂದರು.

ಅವನು ತೆಗೆದ. ಬಾಯಿ ತೆಗೆ ಎಂದವರನ್ನು ಯಾಕೆಂದು ಕೇಳುವ ಅಭ್ಯಾಸ ಅವನಿಗೆ ಹುಟ್ಟಿದಂದಿನಿಂದ ಇರಲಿಲ್ಲ.

ಮಾಲೀಕರು ಬಾವಿಗೆ ಬಿದ್ದ ಕೊಡ ಹುಡುಕುವವರಂತೆ ಬಗ್ಗಿ, ಬೆಳಕು ಬಿಟ್ಟು, ಮೂಸಿ ನೋಡಿದರು. ಆಮೇಲೆ ಹಿಂದೆ ನಿಂತಿದ್ದ ಹೆಂಡತಿಯತ್ತ ತಿರುಗಿ, “ಮೀನೇ ಕಣೇ,” ಎಂದರು.

“ನಾನು ಹೇಳಿರ್ಲಿಲ್ವಾ? ಇವನನ್ನ ಬಿಟ್ರೆ ಇನ್ಯಾರು?” ಮಾಲೀಕರ ಹೆಂಡತಿ ಸೆರಗನ್ನು ಸೊಂಟಕ್ಕೆ ಬಿಗಿದಳು. “ಆಸ್ಪತ್ರೆಯಿಂದ ಬರೋ ಮೈದುನನಿಗೆ ಅಂತ ಹುರಿದಿಟ್ಟಿದ್ದು! ಹೊಟ್ಟೆಯೋ, ಬೆಂಕಿ ಬಿದ್ದ ಬಣವೆಯೋ!”

ಸಂಗತಿ ಇಷ್ಟು. ಮಾಲೀಕರ ತಮ್ಮ ಬಹುಕಾಲದ ಕಾಯಿಲೆಯಿಂದ ಎದ್ದು ಮರುದಿನ ಸಂಜೆ ಮನೆಗೆ ಬರುವವನಿದ್ದ. ಆ ಸಂತೋಷಕ್ಕೆ ಕಟ್ಟಡದವರಿಗೆಲ್ಲ ಊಟ. ಎಲ್ಲರಿಗೂ ಎಂದರೆ ಮನೆಗೊಬ್ಬರಿಗೆ; ಆ ಕಟ್ಟಡದಲ್ಲಿ ಮೊದಲಿನಿಂದಲೂ ನಡೆದುಬಂದ ಪದ್ಧತಿ ಅದು. ಹುರಿದ ಮೀನನ್ನೂ ಸಿಹಿ ರೊಟ್ಟಿಯನ್ನೂ ಮುಂಚಿತವಾಗಿ ಮಾಡಿ, ದೊಡ್ಡ ತಟ್ಟೆಗಳಲ್ಲಿ ಬಟ್ಟೆ ಹೊದಿಸಿ, ಮೆಟ್ಟಿಲ ಕೆಳಗಿನ ಉಗ್ರಾಣದಲ್ಲಿಟ್ಟು ಬೀಗ ಹಾಕಿದ್ದರು. ಮಲಗುವ ಮುನ್ನ ಇನ್ನೊಮ್ಮೆ ನೋಡಲು ಹೋದ ಮಾಲೀಕರ ಹೆಂಡತಿಗೆ ಎರಡು ತಟ್ಟೆಗಳಲ್ಲೂ ಒಂದೊಂದು ಮೂಲೆ ಬರಿದಾಗಿರುವುದು ಕಂಡಿತ್ತು.

“ಬೆಕ್ಕಿರಬಹುದು ಅಮ್ಮಾ,” ಎಂದ ಅವನು.

“ತಿಂದಾದ್ಮೇಲೆ ಬಟ್ಟೆ ಹೊದಿಸಿ ಹೋಗೋ ಬೆಕ್ಕು ನಿಮ್ಮನೇಲಿ ಸಾಕಿದ್ದೀಯಾ?”

ಇವನ ಹೆಂಡತಿ ಬಾಗಿಲ ಸಂದಿಯಿಂದ ಮೆಲ್ಲಗೆ, “ಇವರು ಎಲ್ಲೂ ಹೋಗಿಲ್ಲಮ್ಮಾ. ಲೈನ್‌ಮನ್ ಅವರ ಮನೇಲಿ ಮೀನು ತಿಂದು ಬಂದು ಮಲಗಿದ್ದು, ಈಗ್ಲೇ ಎದ್ದಿದ್ದು,” ಎಂದಳು.

“ನೀನು ಸುಮ್ನಿರಮ್ಮ, ಪಾಪದವಳು. ಗಂಡನ್ನ ಬಿಟ್ಟುಕೊಡ್ತೀಯಾ?” ಎಂದು ಮಾಲೀಕರ ಹೆಂಡತಿ ಸಾಕ್ಷಿಯನ್ನು ಅಲ್ಲೇ ವಜಾ ಮಾಡಿದಳು.

ಮಾಲೀಕರು ಟಾರ್ಚು ಆರಿಸಿದರು. “ನಾಳೆ ನನ್ನ ತಮ್ಮ ಊಟಕ್ಕೆ ಕೂರೋದ್ರೊಳಗೆ ತಿಂದಿದ್ದು ಯಾರು ಅಂತ ತೋರಿಸು. ಇಲ್ಲಾಂದ್ರೆ ಮನೆ ಖಾಲಿ ಮಾಡು. ಮೀನಿನ ಮಾತಲ್ಲಯ್ಯ ಇದು, ರೋಗಿಯ ಬಾಯಿಂದ ಕಿತ್ಕೊಂಡ ಮಾತು.”

ಆ ಮೂರಂತಸ್ತಿನ ಕಟ್ಟಡದಲ್ಲಿ ಅವನನ್ನು ‘ಇನ್ನೊಂಚೂರು’ ಎಂದೇ ಕರೆಯುತ್ತಿದ್ದರು. ಪಾರ್ಸೆಲ್ ಆಫೀಸಿನಲ್ಲಿ ಮೂಟೆಗಳನ್ನು ತೂಕಕ್ಕೆ ಹಾಕುವುದು ಅವನ ಕೆಲಸ. ಉಳಿದ ಹೊತ್ತಿನಲ್ಲಿ ತನ್ನ ತೂಕ ಇಳಿಯದಂತೆ ನೋಡಿಕೊಳ್ಳುವುದು ಕರ್ತವ್ಯ. ಯಾರ ಮನೆಯ ಬಾಣಲೆ ಚುಂಯ್ ಎಂದರೂ ಪತ್ರಿಕೆ ಕೇಳುವ ನೆಪದಲ್ಲಿ ಹಾಜರಾಗುತ್ತಿದ್ದ. ಲೋಕಾರೂಢಿಗೆ ಯಾರಾದರೂ “ಊಟ ಆಯ್ತಾ?” ಎಂದರೆ, “ಆಯ್ತು. ಆದ್ರೂ ನೀವು ಇಷ್ಟು ಬಲವಂತ ಮಾಡ್ತಿರೋವಾಗ…” ಎಂದು ಕೂತುಬಿಡುತ್ತಿದ್ದ. ಅವನು ಎದ್ದುಹೋದ ಮೇಲೆ ಆ ಮನೆಯವರು ಮತ್ತೆ ಒಲೆ ಹಚ್ಚಬೇಕಾಗುತ್ತಿತ್ತು.

ಇಂಥವನು ನಿರಪರಾಧಿ ಎಂದು ನಂಬುವವರು ಯಾರು? ಬೆಳಿಗ್ಗೆ ನಲ್ಲಿಯ ಬಳಿ ನಿಂತಿದ್ದವರೆಲ್ಲ ಇವನನ್ನು ಕಂಡೊಡನೆ ಮಾತು ನಿಲ್ಲಿಸಿದರು. ಮೇಲಿನ ಮನೆಯ ಲೈನ್‌ಮನ್ ಮಾತ್ರ ಕೈಯಲ್ಲಿ ಬ್ರಷ್ಷು ಹಿಡಿದು ನಕ್ಕ.

“ಏನ್ ಗುರುವೇ, ನಮ್ಮನೇಲಿ ಅಷ್ಟು ಮೀನು ಎಳೆದ ಮೇಲೂ ಜಾಗ ಉಳಿದಿತ್ತಾ?”

“ನೀನೇ ಹೇಳಪ್ಪಾ ಯಜಮಾನ್ರಿಗೆ! ನನ್ನ ಬಾಯಲ್ಲಿದ್ದ ವಾಸನೆ ನಿಮ್ಮ ಮೀನಿಂದು ಅಂತ.”

“ವಾಸನೆಗೆ ನಾನು ಜಾಮೀನು ಕೊಡಬಲ್ಲೆ. ಹೊಟ್ಟೆಗೆ ಕೊಡೋಕಾಗಲ್ಲ.”

“ಅಲ್ಲಯ್ಯಾ, ಇವತ್ತು ಸಂಜೆ ಪುಕ್ಕಟೆ ಸಿಗೋದನ್ನ ನಿನ್ನೆ ರಾತ್ರಿ ನಾನ್ಯಾಕೆ ಕದೀಲಿ?”

“ಎರಡು ಸಲ ತಿನ್ನೋಕೆ!” ಎಂದಿತು ಇಡೀ ನಲ್ಲಿಕಟ್ಟೆ ಒಕ್ಕೊರಲಿನಲ್ಲಿ.

ಆಫೀಸಿಗೆ ಹೋದರೆ ಸುದ್ದಿ ಇವನಿಗಿಂತ ಮೊದಲೇ ಬಸ್ಸು ಹಿಡಿದು ಬಂದಿತ್ತು. ತನ್ನ ಡಬ್ಬಿಯನ್ನು ಕೆಲಸ ಶುರುವಾಗುವ ಮೊದಲೇ ಮುಗಿಸಿ, ಮಧ್ಯಾಹ್ನ ಉಳಿದವರ ಡಬ್ಬಿಗಳ ಮೇಲೆ ಸವಾರಿ ಹೊರಡುವುದು ಅವನ ದಿನಚರಿ. ಇಂದು ಊಟದ ಮೇಜಿನ ಬಳಿ ಹೋದಾಗ ಡಬ್ಬಿಗಳ ಮುಚ್ಚಳಗಳು ಹಾವು ಕಂಡ ಕಪ್ಪೆಗಳಂತೆ ಪಟಪಟನೆ ಹಾರಿ ಮುಚ್ಚಿಕೊಂಡವು.

“ಯಾರಾದ್ರೂ ಸ್ವಲ್ಪ…” ಎಂದ.

“ರೋಗಿಗಳಿಗೆ ಮೀಸಲು ಕಣಯ್ಯಾ,” ಎಂದರು ಹಿರಿಯ ಗುಮಾಸ್ತರು, ಬಾಯಿ ತುಂಬ ಅಗಿಯುತ್ತಾ. “ನನಗೆ ಸಕ್ಕರೆ ಕಾಯಿಲೆ, ಇವನಿಗೆ ರಕ್ತದೊತ್ತಡ. ನೀನೊಬ್ಬನೇ ಗಟ್ಟಿ. ಹೋಗು, ನೀರು ಕುಡಿ.”

ನೀರು ಕುಡಿದ. ಖಾಲಿ ಹೊಟ್ಟೆಯಲ್ಲಿ ಅದು ಬಕೆಟ್ಟಿಗೆ ಬಿದ್ದಂತೆ ಸದ್ದು ಮಾಡಿತು. ತಕ್ಕಡಿಯ ಪಕ್ಕದ ಮೂಟೆಗೆ ಒರಗಿ, ಆತ ಬಹುಶಃ ಜೀವಮಾನದಲ್ಲಿ ಮೊದಲ ಸಲ ಊಟ ಬಿಟ್ಟು ಬೇರೆ ವಿಷಯ ಯೋಚಿಸಿದ. ಉಗ್ರಾಣದ ಬೀಗ ಒಡೆದಿಲ್ಲ. ಕೀಲಿಕೈ ಮಾಲೀಕರ ಹೆಂಡತಿಯ ಸೊಂಟ ಬಿಟ್ಟಿಲ್ಲ. ಉಳಿದದ್ದು ಮೊಗಸಾಲೆಯ ಕಡೆಗಿನ ಆ ಸಣ್ಣ ಕಿಟಕಿ. ಕಿಟಕಿಗೆ ಒತ್ತೊತ್ತಾಗಿ ಕಬ್ಬಿಣದ ಸರಳು. ಒಳಗೆ, ಸರಳಿನಿಂದ ತುಸು ದೂರದ ಹಲಗೆಯ ಮೇಲೆ ತಟ್ಟೆಗಳು. ಅವನು ತನ್ನ ಕೈಯನ್ನು ಎತ್ತಿ ನೋಡಿಕೊಂಡ. ಹಲಸಿನಕಾಯಿಗೆ ಐದು ಬೆರಳು ಅಂಟಿಸಿದಂತಿತ್ತು. ಅಂಥ ಕೈಯನ್ನು ಕೊಟ್ಟ ದೇವರಿಗೆ ಮನಸಾರೆ ಕೈ ಮುಗಿದ.

ಸಂಜೆ ಮಾಲೀಕರ ತಮ್ಮ ಬಂದು ಒಳಗೆ ಮಲಗಿದ್ದ. ಮೊಗಸಾಲೆಯಲ್ಲಿ ಊಟಕ್ಕೆ ಬಂದವರೆಲ್ಲ ಸೇರಿದ್ದರು. ಕರೆಯದವರೂ ಜಗಳ ನೋಡಲು ಮೆಟ್ಟಿಲುಗಳ ಮೇಲೆ ಸಾಲಾಗಿ ಕೂತಿದ್ದರು. ಇನ್ನೊಂಚೂರು ನೆಟ್ಟಗೆ ಕಿಟಕಿಯ ಬಳಿ ಹೋಗಿ, ಸರಳುಗಳ ನಡುವೆ ಕೈ ತೂರಿಸಲು ನೋಡಿದ. ಮಣಿಕಟ್ಟಿಗಿಂತ ಮುಂಚೆಯೇ ಅದು ಸಿಕ್ಕಿಕೊಂಡಿತು. ಲೈನ್‌ಮನ್ ಸೋಪು ಹಚ್ಚಿ ಎಳೆಯಬೇಕಾಯಿತು.

“ನೋಡಿದ್ರಾ ಯಜಮಾನ್ರೇ?” ಅವನು ಬೆವರೊರೆಸಿಕೊಂಡ. “ತಟ್ಟೆ ಮುಟ್ಟೋದಿರಲಿ, ನನ್ನ ಬೆರಳು ಒಳಗಿನ ಗಾಳಿಯನ್ನೂ ಸರಿಯಾಗಿ ಮುಟ್ಟಲಿಲ್ಲ. ಅಮ್ಮಾ, ಆ ತಟ್ಟೆಗಳನ್ನೊಮ್ಮೆ ನೋಡಬಹುದಾ?”

ಮಾಲೀಕರ ಹೆಂಡತಿ ಬೀಗ ತೆಗೆದು, ಬಟ್ಟೆ ಸರಿಸಿದಳು. ಅವನು ಬಾಗಿಲಲ್ಲೇ ನಿಂತು, ವಜ್ರ ಪರೀಕ್ಷಿಸುವ ವ್ಯಾಪಾರಿಯಂತೆ ಕಣ್ಣು ಕಿರಿದು ಮಾಡಿದ. ಅವನ ಮುಖದ ಮೇಲೆ ಮೂಡಿದ್ದು ಅಪ್ಪಟ ಅವಮಾನ.

“ಇಷ್ಟೇನಾ? ಇಷ್ಟು ತಿಂದಿದ್ದಕ್ಕೆ ನನ್ನನ್ನ ಕಳ್ಳ ಅಂದ್ರಾ? ಅಮ್ಮಾ, ಇದು ಬರೀ ಬಾಲದ ತುಂಡು ಹೋಗಿರೋದು! ಹೊಟ್ಟೆ ಭಾಗ ಎಲ್ಲಾ ಹಾಗೇ ಇದೆ. ರೊಟ್ಟೀಲೂ ಅಷ್ಟೆ, ಸೀದ ಅಂಚು ಮುರ್ಕೊಂಡಿದ್ದಾರೆ, ನಡುವಿನದು ಮುಟ್ಟಿಲ್ಲ. ಒಳ್ಳೇ ತುಂಡು ಮುಂದಿದ್ರೂ ಕೈ ಹಾಕೋ ಧೈರ್ಯ ಇಲ್ಲ. ಯಾರೋ ಎಲ್ಲರದ್ದೂ ಆದ ಮೇಲೆ ತಳ ಕೆರೆದು ತಿಂದು ಅಭ್ಯಾಸ ಇರೋರು. ಇದು ನನ್ನ ಕೈಕೆಲಸವೇ ಅಲ್ಲ!”

ಮೆಟ್ಟಿಲುಗಳ ಮೇಲೆ ಗುಸುಗುಸು ಎದ್ದಿತು. ತಿಂಡಿಯ ವಿಷಯದಲ್ಲಿ ಅವನ ಪಾಂಡಿತ್ಯವನ್ನು ಯಾರೂ ಅನುಮಾನಿಸುವಂತಿರಲಿಲ್ಲ.

“ಇನ್ನೊಂದು ಮಾತು,” ಅವನಿಗೆ ಹುರುಪೇರಿತು. “ಸಂಜೆ ಊಟ ಸಿಗೋರು ರಾತ್ರಿ ಕದಿಯಲ್ಲ. ಕದ್ದಿದ್ದು ಕರೆ ಇಲ್ಲದವರು. ಏನ್ ಮೇಷ್ಟ್ರೇ?”

ಎರಡನೇ ಮಹಡಿಯ ಟ್ಯೂಷನ್ ಮೇಷ್ಟ್ರು ಕೊಡೆಯ ಕಡ್ಡಿಯಂಥ ಆಸಾಮಿ. ಒದ್ದೆ ಬಟ್ಟೆ ಒಣಹಾಕಿ, ಮಾಲೀಕರು ಕೆಳಗೆ ಬಿಸಿಲಿಗಿಟ್ಟಿದ್ದ ಹಾಸಿಗೆ ನೆನೆಸಿದ ತಪ್ಪಿಗೆ ಈ ಸಲ ಅವರಿಗೆ ಕರೆ ಇರಲಿಲ್ಲ. ಅವರು ಸಿಟ್ಟಿನಿಂದ ಎದ್ದರು.

“ಪಾಠ ಹೇಳೋ ಕೈ ಕಣಯ್ಯಾ ಇದು!”

“ಹೇಳೋದಾದ್ರೆ ಸರಳಿನೊಳಗೆ ಹಾಕಿ ಹೇಳಿ. ಯಜಮಾನ್ರೇ, ತಿಂದವರು ಯಾರಾದ್ರೂ ಆಗ್ಲಿ, ಅವರ ಮನೆ ಖಾಲಿ ಮಾಡಿಸ್ತೀರಿ ತಾನೆ? ಮುಖ ನೋಡಿ ಬಿಡೋ ಹಾಗಿಲ್ಲ!”

“ಮಾತು ಅಂದ್ರೆ ಮಾತು. ಯಾರ ಮುಖಾನೂ ನೋಡಲ್ಲ,” ಎಂದರು ಮಾಲೀಕರು.

ಮೇಷ್ಟ್ರು ಕೈ ತೂರಿಸಿದರು. ಸಲೀಸಾಗಿ ಹೋದ ಕೈ ಮೊಣಕೈಯ ಮೂಳೆಯಲ್ಲಿ ನಿಂತಿತು. ತಟ್ಟೆ ಇನ್ನೂ ಗೇಣು ದೂರ. “ಈಗೇನಂತೀಯಾ?” ಎಂದು ಅವರು ತಿರುಗಿ ಗದರಿದರು. ಇನ್ನೊಂಚೂರು ಸೋಲೊಪ್ಪಲಿಲ್ಲ. ಲೈನ್‌ಮನ್‌ನನ್ನೂ ಅವನ ಹೆಂಡತಿಯನ್ನೂ, ಕಂಡ ಕಂಡವರನ್ನೂ ಕರೆದ. ಬಳೆ ಒಡೆಯಿತು, ಚರ್ಮ ತರಚಿತು, ಕೈ ಮಾತ್ರ ಯಾರದ್ದೂ ಹೋಗಲಿಲ್ಲ. ಛಲಕ್ಕೆ ಬಿದ್ದು ಮಾಲೀಕರ ಹೆಂಡತಿಯ ಕೈಯನ್ನೂ ಪರೀಕ್ಷಿಸಿ, ಆಕೆಯಿಂದ ಇನ್ನೊಂದು ಸುತ್ತು ಬೈಗುಳ ತಿಂದ.

“ಮುಗೀತಲ್ಲ?” ಮಾಲೀಕರು ಕೇಳಿದರು. “ಎಲ್ಲರದ್ದೂ ಆಯ್ತು. ಎಲ್ಲಯ್ಯಾ ನಿನ್ನ ಕಳ್ಳ?”

“ಇನ್ನೂ ಯಾರೋ ಉಳಿದಿದ್ದಾರೆ ಯಜಮಾನ್ರೇ! ಕೈ ಸಣ್ಣಗಿರೋರು, ಊಟಕ್ಕೆ ಕರೆ ಇಲ್ಲದೋರು. ಹುಡುಕಿ! ಯಾರನ್ನೂ ಬಿಡಬೇಡಿ!”

ಮೆಟ್ಟಿಲ ತುದಿಯಿಂದ ಯಾರೋ ಎದ್ದು ಬಂದರು. ಜನ ದಾರಿ ಬಿಟ್ಟರು. ಅವನು ತಿರುಗಿ ನೋಡಿ ಸಿಡುಕಿದ: “ನೀನ್ಯಾಕೆ ಬಂದೆ ಇಲ್ಲಿ? ನಮ್ಮನೆ ಕಡೆಯಿಂದ ನಾನಿದ್ದೀನಲ್ಲ, ಹೋಗು ಮೇಲೆ.”

ಆಕೆ ಹೋಗಲಿಲ್ಲ. ಸೀರೆಯ ಸೆರಗನ್ನು ಹಿಂದಕ್ಕೆ ಹಾಕಿ, ಕಿಟಕಿಯ ಬಳಿ ನಿಂತು ಕೈ ಒಳಗಿಟ್ಟಳು. ಸೂಜಿಗೆ ದಾರ ಹೋದಂತೆ ಮಣಿಕಟ್ಟು ಹೋಯಿತು, ಮೊಣಕೈ ಹೋಯಿತು, ಭುಜ ಬಂದು ಸರಳಿಗೆ ತಾಕಿತು. ಒಳಗೆ ಬೆರಳುಗಳು ತಟ್ಟೆಯ ಬಟ್ಟೆಯನ್ನು ಮೆಲ್ಲಗೆ ಮಡಿಚಿದವು. ಏನನ್ನೂ ತೆಗೆಯದೆ, ಅಂಚು ಸರಿಮಾಡಿ, ಮತ್ತೆ ಹೊದಿಸಿದವು.



“ಇದೆಲ್ಲ ಲೆಕ್ಕಕ್ಕಿಲ್ಲ ಯಜಮಾನ್ರೇ,” ಅವನು ತೊದಲಿದ. “ಅವಳು ತಿನ್ನೋದೇ ಇಲ್ಲ. ನಾನು ಉಂಡೆದ್ದ ಮೇಲೆ ಪಾತ್ರೆ ತೊಳೆದಿಟ್ಟು ಮಲಗಿಬಿಡ್ತಾಳೆ. ಅವಳಿಗೆ ಹಸಿವೇ ಆಗಲ್ಲ. ಬೇಕಾದ್ರೆ ನೀವೇ ಕೇಳಿ!”

ಮಾಲೀಕರು ಕೇಳಲಿಲ್ಲ. ಆಕೆಯೇ ಕೈ ಹೊರಗೆಳೆದುಕೊಂಡು, ಗಂಡನ ಕಡೆ ನೋಡದೆ ಹೇಳಿದಳು:

“ತಿಂದವಳು ನಾನು ಯಜಮಾನ್ರೇ, ಇವರ ಹೆಂಡತಿ.”