ಕಾಲೂರದ ಕಾಕಾ

ನಮ್ಮ ಕಾಕಾನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹೀಗೆಂದ ಕೂಡಲೇ ನೀವು, ಎಲ್ಲಿಂದಲೋ ರೊಕ್ಕ ಬಂದಿರಬೇಕು, ಇಲ್ಲವೇ ದೊಡ್ಡ ಮನೆತನದ ಬೀಗತನ ಕೂಡಿಬಂದಿರಬೇಕು ಎಂದುಕೊಳ್ಳುತ್ತೀರಿ. ಎರಡೂ ಅಲ್ಲ. ಅವನು ಅಮರಗೋಳದ ಒಂದು ದಲಾಲಿ ಅಂಗಡಿಯಲ್ಲಿ, ಮೆಣಸಿನಕಾಯಿ ಚೀಲಗಳ ನಡುವೆ ಸೀನುತ್ತಾ ಕೆಲಸ ಮಾಡಿದವನು. ಸೊಕ್ಕಿಗೆ ಬೇಕಾದ ಯಾವ ಸಾಮಗ್ರಿಯೂ ಅವನ ಹತ್ತಿರ ಇರಲಿಲ್ಲ. ನಾನು ಹೇಳುತ್ತಿರುವುದು ನಿಜವಾದ ಕಾಲಿನ ಮಾತು. ಒಮ್ಮೆ ಸೈಕಲ್ ಹತ್ತಿದನೆಂದರೆ, ಹೋಗಬೇಕಾದ ಜಾಗ ಬರುವವರೆಗೆ ಕಾಲು ನೆಲಕ್ಕೆ ತಾಗಬಾರದು. ಅದು ಅವನ ವ್ರತ. ಕೆಲವರು ಸೋಮವಾರ ಊಟ ಬಿಡುತ್ತಾರೆ, ನಮ್ಮ ಕಾಕಾ ನೆಲ ಬಿಟ್ಟಿದ್ದ.

ಊರೊಳಗೆ ಇದರಿಂದ ಆಗುತ್ತಿದ್ದ ಫಜೀತಿ ಒಂದೆರಡಲ್ಲ. ಚನ್ನಮ್ಮ ಸರ್ಕಲ್ಲಿನಲ್ಲಿ ಪೊಲೀಸನ ಕೈ ಮೇಲೆದ್ದರೆ ಜಗತ್ತೆಲ್ಲ ಒಂದು ಕಾಲು ಊರಿ ನಿಲ್ಲುತ್ತದೆ. ಕಾಕಾ ಪಕ್ಕದ ಸ್ಕೂಟರಿನವನ ಹೆಗಲ ಮೇಲೆ ಕೈ ಇಡುತ್ತಿದ್ದ. ಯಾರೋ ಏನೋ! "ಸ್ವಲ್ಪ ಹಿಡ್ಕೋತೇನ್ರಿ" ಅನ್ನುವನು. ಹೆಗಲ ಮೇಲೆ ಕೈ ಇಟ್ಟ ಮೇಲೆ ಸುಮ್ಮನೆ ಇರಲಿಕ್ಕಾಗುತ್ತದೆಯೇ? "ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ರಿ?" ಎಂದು ಕೇಳುವನು. ಆ ಮನುಷ್ಯ ಗುರುತು ಮರೆತ ಅಪರಾಧಿಯಂತೆ, "ಹೂನ್ರಿ, ಆರಾಮ. ನಿಮ್ಮಲ್ಲೆ?" ಅನ್ನುವನು. ಪೊಲೀಸ ಕೈ ಇಳಿಸುವಷ್ಟರಲ್ಲಿ ಇಬ್ಬರ ನಡುವೆ ಊಟಕ್ಕೆ ಕರೆಯುವಷ್ಟು ಸಲಿಗೆ ಬೆಳೆದಿರುತ್ತಿತ್ತು. ಹೀಗೆ ಹೆಗಲು ಕೊಟ್ಟವರಲ್ಲಿ ಒಬ್ಬರು ಮುಂದೆ ನಮ್ಮ ಮನೆಯ ಮದುವೆಗೂ ಬಂದು ಹೋದರು. ಯಾರ ಕಡೆಯವರು ಎಂದು ಕೊನೆಯವರೆಗೂ ಯಾರಿಗೂ ತಿಳಿಯಲಿಲ್ಲ.

ಆದರೆ ಇದೆಲ್ಲ ವಾರದ ಆರು ದಿನದ ರಿಯಾಜು. ಖರೇ ಕಚೇರಿ ರವಿವಾರ, ಉಣಕಲ್ ಗುಡ್ಡದ ಮೇಲಿನ ಉದ್ಯಾನದಲ್ಲಿ.

ಮಂದಿ ಆ ಗುಡ್ಡಕ್ಕೆ ಹೋಗುತ್ತಿದ್ದದ್ದು ಗಾಳಿಗೆ, ಕೆರೆ ನೋಡಲಿಕ್ಕೆ, ಮೇಲೆ ಕೂತು ಚುರುಮುರಿ ತಿನ್ನಲಿಕ್ಕೆ. ಅವರಿಗೆಲ್ಲ ಮೆಟ್ಟಿಲುಗಳಿದ್ದವು. ಗುಡ್ಡದ ಹಿಂದಿನ ಪಕ್ಕೆಯಲ್ಲಿ ಆಡು ಮೇಯಿಸುವವರು ನಡೆದು ನಡೆದು ಮೂಡಿದ್ದ ಒಂದು ಹಾದಿ ಇತ್ತು. ಅಗಲ ಒಂದು ಆಡಿನಷ್ಟು. ಎರಡು ಆಡು ಎದುರಾದರೆ ಒಂದು ಹಿಂದೆ ಸರಿಯಬೇಕು. ಅದರ ತುಂಬ ಕಲ್ಲು, ಬೇರು, ಜಾಲಿಮುಳ್ಳು, ಅರ್ಧ ಹೂತ ಬಂಡೆ. ಇಂಥ ಹಾದಿಯಲ್ಲಿ ಕಾಕಾ ತನ್ನ ಕರಿ ಸೈಕಲ್ಲನ್ನು ಕಾಲು ಊರದೆ ಮೇಲಿನವರೆಗೆ ಒಯ್ಯಬೇಕು! ಈಗ ಇದಕ್ಕೆಂದೇ ಬೇರೆ ಸೈಕಲ್ಲು, ಬೇರೆ ಟೋಪಿ, ಬೇರೆ ಕೈಗವಸು ಬಂದಿವೆಯಂತೆ. ಕಾಕಾನ ಹತ್ತಿರ ಇದ್ದದ್ದು ಪಾಯಿಜಾಮ, ಅದನ್ನು ಚೈನಿನಿಂದ ಕಾಯಲು ಒಂದು ಕ್ಲಿಪ್ಪು, ಹಣೆಯ ಮೇಲೆ ವಿಭೂತಿ. ಅರ್ಧ ಗುಡ್ಡ ಏರುವಷ್ಟರಲ್ಲಿ ಬೆವರಿಗೆ ವಿಭೂತಿ ಇಳಿದು ಮೂಗಿಗೆ ಬಂದಿರುತ್ತಿತ್ತು.

ಸೈಕಲ್ಲಿನ ಮಡ್‌ಗಾರ್ಡ್ ಕಿತ್ತೊಗೆದಿದ್ದ. ಹಿಂದಿನ ಹಲ್ಲುಚಕ್ರ ದೊಡ್ಡದು ಹಾಕಿಸಿದ್ದರಿಂದ, ಎಷ್ಟು ತುಳಿದರೂ ಅದು ಸಾಲೆಗೆ ಹೊರಟ ಹುಡುಗನಂತೆ ಮನಸ್ಸಿಲ್ಲದೆ ಮುಂದೆ ಸರಿಯುತ್ತಿತ್ತು. ಟಾಯರಿನಲ್ಲಿ ಅರ್ಧವೇ ಗಾಳಿ. ಬಿಗಿ ಟಾಯರು ಕಲ್ಲಿನ ಮೇಲೆ ಪುಟಿಯುತ್ತದೆ, ಮೆತ್ತಗಿದ್ದರೆ ಅಪ್ಪಿಕೊಳ್ಳುತ್ತದೆ ಎಂಬುದು ಅವನ ಸಿದ್ಧಾಂತ. ದಾರಿಯಲ್ಲಿ ಹೋಗುವವರೆಲ್ಲ, "ಕಾಕಾರ, ಗಾಳಿ ಇಲ್ರಿ!" ಎಂದು ಕೂಗುವರು. "ಗುಡ್ಡದ ಮ್ಯಾಲೆ ಬೇಕಾದಷ್ಟು ಐತ್ರಿ" ಎಂದು ಇವನು ಹೋಗಿಬಿಡುವನು.

ಗೇಟಿನ ಕಾವಲುಗಾರ ಒಮ್ಮೆ ತಡೆದ. "ಇಲ್ಲೆ ಸೈಕಲ್ ಓಡಸೂ ಹಂಗಿಲ್ರಿ. ಬೋರ್ಡ್ ಐತಿ ನೋಡ್ರಿ."

"ನಾ ಎಲ್ಲೆ ಓಡಸ್ತೇನ್ರಿ? ಸಾವಕಾಶ ಹೋಗ್ತೇನಿ."

"ಅಷ್ಟು ಸಾವಕಾಶ ಹೋಗೂದಿದ್ರ ಕೈಯಾಗ ಹಿಡಕೊಂಡು ನಡೀರಲಾ."

"ನಡದ್ರ ಕಾಲು ನೆಲಕ್ಕ ಹತ್ತತಾವಲ್ರಿ" ಎಂದ ಕಾಕಾ. ಕಾವಲುಗಾರ ಬಹಳ ಹೊತ್ತು ಕಾಕಾನ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿ, ಮನೆಯವರು ಜೊತೆಗಿದ್ದಾರೆ ಎಂಬ ಸಮಾಧಾನದಿಂದ ಒಳಗೆ ಬಿಟ್ಟ.

ಮನೆಯವನು ಅಂದರೆ ನಾನು. ಕಾಕಾ ಕಾಲು ಊರಿದನೋ ಇಲ್ಲವೋ ಎಂದು ನೋಡುವ ಪಂಚ ನಾನೇ. ಆಗ ನಾನು ಕಾಲೇಜಿನಲ್ಲಿದ್ದೆ, ಅಥವಾ ಕಾಲೇಜಿನ ಕ್ಯಾಂಟೀನಿನಲ್ಲಿದ್ದೆ. ಮಂದಿಯ ನಕಲು ಮಾಡುವುದೊಂದು ಬಿಟ್ಟರೆ ನನಗೆ ಬೇರೆ ವಿದ್ಯೆ ಹತ್ತಿರಲಿಲ್ಲ.

ಆ ಹಾದಿಯ ಕಲ್ಲುಗಳಿಗೆಲ್ಲ ಕಾಕಾ ಹೆಸರಿಟ್ಟಿದ್ದ. ಎಲ್ಲವೂ ನಮ್ಮ ಬಂಧು ಬಳಗದ ಹೆಸರೇ. ಯಾಕೆಂದು ಕೇಳಿದ್ದಕ್ಕೆ, "ಗುರ್ತಿಲ್ಲದ ಕಲ್ಲು ಹಿಂದಮುಂದ ನೋಡದ ಕೆಡವತೈತೋ. ಹೆಸರು ಹಿಡದು ಕರದ್ರ ಅದಕ್ಕೂ ಒಂದೀಟು ಸಂಕೋಚ ಬರತೈತಿ" ಅಂದ. ಮೊದಲಿಗೆ ಬರುವುದು ಸೋದರಮಾವ. ಎರಡು ಬಂಡೆಗಳ ನಡುವಿನ ಸಂದಿ ಅದು. ಏನಾದರೂ ಕೇಳಲು ಹೋದರೆ ಮಾವ ಮೈ ಓರೆ ಮಾಡುವಂತೆ, ಅಲ್ಲಿ ಹ್ಯಾಂಡಲ್ ಓರೆ ಮಾಡಿಯೇ ನುಸುಳಬೇಕು. ಆಮೇಲೆ ದೊಡ್ಡಪ್ಪ. ಅಗಲವಾದ ಇಳಿಜಾರು ಬಂಡೆ, ಬಾಗಿ ಹೋದರೆ ಬಿಡುತ್ತದೆ, ನೆಟ್ಟಗೆ ಕೂತರೆ ಹಿಂದಕ್ಕೆ ದಬ್ಬುತ್ತದೆ. ಮುಂದೆ ಅತ್ತೆ. ನೋಡಲು ನಯವಾದ ಸಣ್ಣ ಹರಳು, ನಂಬಿ ಗಾಲಿ ಇಟ್ಟರೆ ಅಡ್ಡ ಬಿದ್ದಿರುತ್ತೀರಿ. ನನ್ನ ಹೆಸರಿನದೂ ಒಂದಿತ್ತು. ಯಾರು ಮೆಟ್ಟಿದರೂ ಅವರ ಕಡೆಗೇ ವಾಲುವ ಸಡಿಲ ಕಲ್ಲು. ಅವಮಾನವಾಯಿತು, ಆದರೆ ನಕಲುಗಾರನಿಗೆ ಇದಕ್ಕಿಂತ ತಕ್ಕ ಕಲ್ಲು ಆ ಗುಡ್ಡದಲ್ಲಿ ಸಿಕ್ಕುತ್ತಲೂ ಇರಲಿಲ್ಲ.

ಒಂದು ವರ್ಷ ಅಪ್ಪನ ಕಾಲು ಹಿಡಿದು ಗೇರ್ ಸೈಕಲ್ ಕೊಡಿಸಿಕೊಂಡೆ. ಕಾಕಾನಿಗೆ ಪಾಠ ಕಲಿಸುವ ಉಮೇದಿಯಲ್ಲಿ ಅದೇ ಹಾದಿಗೆ ನುಗ್ಗಿದೆ. ಮಾವನನ್ನು ದಾಟಿದೆ, ದೊಡ್ಡಪ್ಪನಿಗೆ ಬಾಗಿದೆ, ಅತ್ತೆಯನ್ನೂ ನಂಬಲಿಲ್ಲ. ಸೈಕಲ್ ಸಮೇತ ಜಾಲಿಕಂಟಿಯೊಳಗೆ ಬಿದ್ದದ್ದು ನನ್ನದೇ ಕಲ್ಲು ಮೆಟ್ಟಿ. ಕಾಕಾ ಸೈಕಲ್ ಮೇಲೆಯೇ ಒಂದು ಮರಕ್ಕೆ ಕೈಯೂರಿ ನಿಂತು ವಿಚಾರಿಸಿದ: "ಯಾಕೋ, ನಿನ್ನ ಗುರ್ತು ನಿನಗ ಹತ್ತಲಿಲ್ಲೇನು?"

ಇನ್ನು ಕೊನೆಯ ಕಲ್ಲು. ಮೇಲೆ ಮುಟ್ಟುವ ಮೊದಲು, ಹಾದಿ ಕೆರೆಯ ಕಡೆಗೆ ತಿರುಗುವಲ್ಲಿ, ಗೇಣೆತ್ತರದ ಒಂದು ಹಾಸುಬಂಡೆ. ಬಳಸಿ ಹೋಗಲು ಜಾಗವಿಲ್ಲ. ಮುಂದಿನ ಗಾಲಿ ಎತ್ತಿಟ್ಟು, ಮೈಯೆಲ್ಲ ಮುಂದೆ ಹಾಕಿ, ಒಂದೇ ತುಳಿತಕ್ಕೆ ಹತ್ತಬೇಕು. ಇಷ್ಟು ವರ್ಷಗಳಲ್ಲಿ ಕಾಕಾನಿಂದ ಅದೊಂದು ಆಗಿರಲಿಲ್ಲ. ಪ್ರತಿ ರವಿವಾರವೂ ಅಲ್ಲಿಗೆ ಬಂದಾಗ ಕಾಲು ನೆಲಕ್ಕೆ ಬರುತ್ತಿತ್ತು. ಅದರ ಹೆಸರು, ಕಾಕು. ಅವನ ಹೆಂಡತಿ.

ಈ ಹೆಸರು ಕಾಕುಗೆ ತಿಳಿಯಕೂಡದು ಎಂದು ನನಗೆ ತಿಂಗಳಿಗೊಮ್ಮೆ ಮಿರ್ಚಿ ಭಜಿ ಸಲ್ಲುತ್ತಿತ್ತು. ಗುಡ್ಡದಿಂದ ಮನೆಗೆ ಬಂದ ಕೂಡಲೇ ಕಾಕು ಚುರುಮುರಿ ಸುಸಲದ ತಾಟು ಇಡುತ್ತಾ, "ಇವತ್ತರ ದಾಟಿದ್ರೇನ್ರಿ?" ಎಂದು ಕೇಳುವಳು. "ಎಲ್ಲೀದು!" ಎಂದು ಕಾಕಾ ತಾಟಿನೊಳಗೆ ಮುಖ ಹಾಕುವನು. ಒಂದು ಸಲ ನಾನು ಅಡುಗೆಮನೆಯ ಸ್ಟೂಲನ್ನೇ ಸೈಕಲ್ ಮಾಡಿಕೊಂಡು, ಕಾಕಾನ ಉಬ್ಬಸ, ಚೈನಿನ ಕಿರ್ ಕಿರ್, ಮೂಗಿಗಿಳಿದ ವಿಭೂತಿ ಎಲ್ಲವನ್ನೂ ನಕಲು ಮಾಡುತ್ತಿದ್ದೆ. ಕಾಕು ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಹುರುಪು ಏರಿತು. "ಮಾವನ್ನ ದಾಟಿದ, ದೊಡ್ಡಪ್ಪಗ ಬಾಗಿದ, ಅತ್ತಿನ್ನ ತಪ್ಪಿಸಿದ, ಇನ್ನ ಬಂದಳು ನೋಡು ಕಾಕು..."

"ಕಾಕು ಏನೋ?"

ಕಾಕಾನ ಕೈಯಲ್ಲಿನ ಸುಸಲ ಬಾಯಿಯ ಹತ್ತಿರ ನಿಂತಿತು.

"ಕಾಕು... ಚಹಾ ಕೊಡು" ಅಂದೆ.

ಎರಡು ಸಾವಿರದ ಇಸವಿಯ ಆಚೆಗೆ ಗುಡ್ಡಕ್ಕೆ ಸುಧಾರಣೆ ಬಂತು. ಆಡಿನ ಹಾದಿಗೆ ಫರಸಿ ಕಲ್ಲು ಹಾಸಿ, ಕಟಕಟೆ ಕಟ್ಟಿ, ಮಂದಿಗೆ ಅಡ್ಡಾಡಲು ಅನುಕೂಲ ಮಾಡುತ್ತಾರೆಂದು ಕಾವಲುಗಾರನೇ ಕಾಕಾನಿಗೆ ಹೇಳಿದ. ಹಾದಿಯ ಬುಡದಲ್ಲಿ ಫರಸಿಯ ರಾಶಿ ಬಂದು ಬಿದ್ದದ್ದೂ ಆಯಿತು. ಬರುವ ವಾರದಿಂದ ಕೆಲಸ ಶುರು. ಕಾಕಾನ ಪಾಲಿಗೆ ಉಳಿದದ್ದು ಒಂದು ರವಿವಾರ. ಅವನು ಚೈನಿಗೆ ಎಣ್ಣೆ ಹಾಕಿದ. ಹಿತ್ತಲಿನಲ್ಲಿ ಇಟ್ಟಂಗಿ ಜೋಡಿಸಿ, ಬಾಗಿಲು ಹಾಕಿಕೊಂಡು, ಗಾಲಿ ಎತ್ತುವುದನ್ನು ರೂಢಿ ಮಾಡಿದ.

ಆ ರವಿವಾರ ಕಾಕು ತಾನೂ ಚಪ್ಪಲಿ ಮೆಟ್ಟಿಕೊಂಡು ನಿಂತಳು. "ಇಷ್ಟು ವರ್ಷ ಬರೇ ಕೇಳಿದ್ದಾತು. ಒಮ್ಮೆರ ಕಣ್ಣಲೆ ನೋಡತೇನಿ."

"ಮೊಣಕಾಲ ನೋವು ಇಟಗೊಂಡು ಗುಡ್ಡಾ ಹೆಂಗ ಹತ್ತತಿ ನೀ?"

"ನಾ ಮೆಟ್ಟಲಾ ಹಿಡದು ಹತ್ತತೇನ್ರಿ. ನಿಮ್ಮಂಗ ಆಡಿನ ಜಾತಿ ಅಲ್ಲ" ಎಂದು ಸುಸಲದ ಡಬ್ಬಿ ಹಿಡಿದು ಮುಂದೆ ಹೊರಟೇಬಿಟ್ಟಳು.

ಅಂದು ಕಾಕಾ ಏರಿದ ರೀತಿ ನಾನು ಮತ್ತೆ ನೋಡಿಲ್ಲ. ಮಾವ ಮೈ ಓರೆ ಮಾಡುವ ಮೊದಲೇ ನುಸುಳಿದ. ದೊಡ್ಡಪ್ಪನಿಗೆ ಬಾಗಿದ ಬಾಗುವಿಕೆಗೆ ಖರೇ ದೊಡ್ಡಪ್ಪ ಆಗಿದ್ದರೆ ಆಸ್ತಿ ಬರೆದುಕೊಡುತ್ತಿದ್ದ. ನನ್ನ ಕಲ್ಲು ವಾಲಿತು, ಆದರೆ ಅವನು ಅದಕ್ಕೂ ಮೊದಲೇ ವಾಲಿ ಸಂಭಾಳಿಸಿಕೊಂಡ. ಹಿಂದೆ ಓಡುತ್ತಿದ್ದ ನನಗೇ ಉಸಿರು ಸಿಗಲಿಲ್ಲ. ಕೊನೆಯ ತಿರುವು ಬಂತು. ಕಾಕಾ ಹ್ಯಾಂಡಲ್ ಬಿಗಿ ಹಿಡಿದು ಸೀಟಿನಿಂದ ಎದ್ದ.

ಎದುರಿಗೆ ಆ ಬಂಡೆಯ ಮೇಲೆ ಕಾಕು ಕೂತಿದ್ದಳು.

ಮೆಟ್ಟಿಲು ಹತ್ತಿ ಸುಸ್ತಾಗಿ, ನಮ್ಮ ಹಾದಿಯ ಬಾಯಿಗೆ ಬಂದು, ಕೂರಲು ಮಣೆಯಂತೆ ಸಿಕ್ಕ ಕಲ್ಲಿನ ಮೇಲೆ ಕೂತುಬಿಟ್ಟಿದ್ದಳು. ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು, ಒಂದು ಕೈಯಿಂದ ಮೊಣಕಾಲು ಒತ್ತಿಕೊಳ್ಳುತ್ತಾ, ನಮಗೆ ಬೆನ್ನು ಮಾಡಿ ಕೆರೆ ನೋಡುತ್ತಿದ್ದಳು. ಅವಳ ಹೆಸರಿನ ಕಲ್ಲೇ ಅದು ಎಂದು ಅವಳಿಗೇನು ಗೊತ್ತು?

ಕಾಕಾ ಸೈಕಲ್ಲನ್ನು ನಿಂತಲ್ಲೇ ನಿಲ್ಲಿಸಿದ. ಎರಡೂ ಕಾಲು ಪೆಡಲಿನ ಮೇಲೆ. ಮುಂದಿನ ಗಾಲಿ ಆಚೆ ಈಚೆ ತೂಗುತ್ತಿತ್ತು. ಒಂದು ಮಾತು ಅಂದರೆ ಸಾಕು, ಕಾಕು ಏಳುತ್ತಿದ್ದಳು. ನಾನು ಕೂಗಲು ಬಾಯಿ ತೆರೆದೆ. ಕಾಕಾ ತಿರುಗಿ ನೋಡದೆ, "ಸುಮ್ಮನಿರು" ಅಂದ.

ಅವನ ತೊಡೆ ನಡುಗುತ್ತಿತ್ತು. ಆಮೇಲೆ ನಿಧಾನವಾಗಿ, ಸಪ್ಪಳವಾಗದಂತೆ, ಎಡಗಾಲು ನೆಲಕ್ಕೆ ಬಂತು.

ನನಗೆ ಸಿಟ್ಟೇ ಬಂತು. ಹತ್ತಿರ ಹೋಗಿ ಪಿಸುಗುಟ್ಟಿದೆ: "ಏಳ ಅಂದಿದ್ರ ಏನಾಗ್ತಿತ್ತು ಕಾಕಾ? ಇವತ್ತ ದಾಟತಿದ್ದಿ ನೀ."

"ಅಷ್ಟು ದೂರ ಹತ್ತಿ ಬಂದು ಈಗರೆ ಕುಂತಾಳೋ" ಅಂದ ಕಾಕಾ. "ಎಬ್ಬಸ್ತಾರೇನು?"

ನಮ್ಮ ದನಿಗೆ ಕಾಕು ತಿರುಗಿದಳು. "ಬಂದ್ರೇನು? ದಾಟಿದ್ರೋ ಇಲ್ಲೋ?"

"ಎಲ್ಲಾ ದಾಟಿದೆ. ಒಂದು ಉಳೀತು."

"ಉಳೀಲಿ ಬಿಡ್ರಿ. ಬರ್ರಿ, ಕುಂಡರ್ರಿ" ಎಂದು ಕಾಕು ಒಂದಿಷ್ಟು ಸರಿದು ಜಾಗ ಮಾಡಿದಳು. ಕಾಕಾ ಸೈಕಲ್ಲನ್ನು ಜಾಲಿಗೆ ಒರಗಿಸಿ ಹೋಗಿ ಕೂತ, ಎರಡೂ ಕಾಲು ನೆಲಕ್ಕೆ ಊರಿ. ಅವಳು ಸೆರಗಿನಿಂದ ಅವನ ಮೂಗಿನ ಮೇಲಿನ ವಿಭೂತಿ ಒರೆಸಿ ಡಬ್ಬಿ ತೆರೆದಳು.

ಮರುವಾರ ಅಲ್ಲಿ ಫರಸಿ ಬಿತ್ತು. ಕಾಕಾ, ಕಾಕು ಇಬ್ಬರೂ ಎಷ್ಟೋ ರವಿವಾರ ಅದರ ಮೇಲೆಯೇ ಕೈಕೈ ಹಿಡಿದು ಮೇಲೆ ಹೋಗುತ್ತಿದ್ದರು. ಹಿಡಿದದ್ದು ಮೊಣಕಾಲಿಗಾಗಿ ಎಂದು ಇಬ್ಬರೂ ಹೇಳುತ್ತಿದ್ದರು. ಈಗಲೂ ನಾನು ಮನೆಗೆ ಹೋದರೆ ಕಾಕು ಸ್ಟೂಲು ತಂದಿಟ್ಟು ಆ ನಕಲು ಮಾಡಿಸುತ್ತಾಳೆ. ಮುಗಿದ ಮೇಲೆ, ಎಂದಿನಂತೆ ಒಂದೇ ಪ್ರಶ್ನೆ: "ಅವತ್ತ ಉಳದ ಕಲ್ಲು ಯಾವುದೋ? ಇವರನ್ನ ಕೇಳಿದ್ರ ಹೇಳಾಂಗಿಲ್ಲ."

ಕಿಟಕಿಯ ಹತ್ತಿರ ಕೂತ ಕಾಕಾ ನನ್ನ ಮುಖವನ್ನೇ ನೋಡುತ್ತಿರುತ್ತಾನೆ.

"ಕಾಕು," ಅನ್ನುತ್ತೇನೆ, "ಚಹಾ ಕೊಡು."