ಪ್ರಸ್ಥಾನಕ್ಕೆ ಹೋದ ಆಪತ್ತಿನ ಚೀಲ

ನಾನು ಹುಟ್ಟಾ ಪುಕ್ಕಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಪುಕ್ಕಲನಿಗೊಂದು ಒಳ್ಳೆಯ ನೌಕರಿ ಸಿಕ್ಕಿಬಿಟ್ಟರೆ ಅವನನ್ನು ಯಾರೂ ಪುಕ್ಕಲ ಎನ್ನುವುದಿಲ್ಲ, ಬಹಳ ಜಾಗರೂಕ ಮನುಷ್ಯ ಎನ್ನುತ್ತಾರೆ. ನನಗೆ ಯಶವಂತಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದ ಕೆಲಸ. ಹೊರಗಿನಿಂದ ಬಂದ ಸಾಮಾನನ್ನೆಲ್ಲ ತಟ್ಟಿ, ಬಗ್ಗಿಸಿ, ಮೂಸಿ, ಕೊನೆಗೆ ‘ಪಾಸ್’ ಎಂದೋ ‘ರಿಜೆಕ್ಟ್’ ಎಂದೋ ಮುದ್ರೆ ಒತ್ತಬೇಕು. ವರ್ಷಗಟ್ಟಲೆ ಅದನ್ನೇ ಮಾಡಿದವನ ಕೈ ಮನೆಯಲ್ಲೂ ಸುಮ್ಮನಿರುವುದಿಲ್ಲ. ಹೆಣ್ಣು ನೋಡಲು ಹೋದಾಗ ಅವರು ಕೊಟ್ಟ ಕಾಫಿ ಲೋಟವನ್ನು ಉಗುರಿನಿಂದ ತಟ್ಟಿ ನೋಡಿದ್ದೆನಂತೆ. ‘ಲೋಟ ಪಾಸಾಯ್ತು, ಅದರ ಜೊತೇಲಿ ನಾನೂ ಪಾಸಾದೆ’ ಎಂದು ನನ್ನ ಹೆಂಡತಿ ಸರೋಜ ಬಂದವರಿಗೆಲ್ಲ ಹೇಳಿ ನಗಿಸುತ್ತಾಳೆ. ಅವಳು ನನ್ನನ್ನು ತಟ್ಟಿ ನೋಡಲಿಲ್ಲವಲ್ಲ ಎಂಬ ಸಮಾಧಾನ ನನಗೆ ಬಹಳ ದಿನ ಇತ್ತು.

ಆಕಾಶದಿಂದ ಸ್ಕೈಲ್ಯಾಬ್ ಬೀಳುತ್ತದೆ ಎಂದು ಊರೆಲ್ಲ ಗುಲ್ಲೆದ್ದ ವರ್ಷ ಅದು. ಅಮೆರಿಕದವರು ಮೇಲೆ ಹಾರಿಸಿದ ಮನೆಯಷ್ಟು ದೊಡ್ಡ ಯಂತ್ರ ಕೆಳಗಿಳಿಯುತ್ತಿದೆಯಂತೆ, ಯಾರ ತಲೆಯ ಮೇಲೆ ಎಂಬುದು ಅವರಿಗೂ ಗೊತ್ತಿಲ್ಲವಂತೆ. ಆರ್.ಟಿ. ನಗರದ ನಮ್ಮ ಬಾಡಿಗೆ ಮನೆಯ ಮೇಲೆಯೇ ಬೀಳುತ್ತದೆ ಎಂಬುದರಲ್ಲಿ ನನಗೆ ಅನುಮಾನ ಇರಲಿಲ್ಲ. ಆ ವಾರವೇ ಯಶವಂತಪುರ ಮಾರ್ಕೆಟ್ಟಿನ ಹತ್ತಿರ, ಮಿಲಿಟರಿಯ ಹಳೇ ಸಾಮಾನು ಮಾರುವ ಬಷೀರ್ ಸಾಹೇಬರ ಅಂಗಡಿಯಲ್ಲಿ ಖಾಕಿ ಬಣ್ಣದ ಬೆನ್ನುಚೀಲಗಳು ಸಾಲಾಗಿ ನೇತಾಡುತ್ತಿದ್ದವು. ‘ಆಪತ್ತಿನ ಚೀಲ, ಎಲ್ಲಾ ರೆಡಿ’ ಎಂದು ರಟ್ಟಿನ ಮೇಲೆ ಬರೆದಿತ್ತು. ಎಲ್ಲಾ ರೆಡಿ ಎಂಬ ಮಾತು ಕೇಳಿದರೆ ನನಗೆ ಅರ್ಧ ಜ್ವರ ಇಳಿದುಬಿಡುತ್ತದೆ. ಆದರೂ ಕಸುಬು ಬಿಡಬಾರದಲ್ಲ, ಚೀಲದ ಪಟ್ಟಿ ಎಳೆದು ನೋಡಿ, ‘ನಿಮ್ಮ ಮನೆಗೂ ಒಂದು ಇಟ್ಕೊಂಡಿದೀರಾ ಸಾಹೇಬ್ರೇ?’ ಎಂದೆ.

ಸಾಹೇಬರು ಬೀಡಿ ಆರಿಸಿ, ‘ಇಲ್ಲ ಸಾರ್’ ಎಂದರು. ‘ಇದು ಒಬ್ಬರ ಬೆನ್ನಿಗೆ ಮಾಡಿದ್ದು. ನಮ್ಮ ಮನೇಲಿ ಹನ್ನೊಂದು ಜನ. ಯಾರ ಬೆನ್ನಿಗೆ ಹಾಕ್ಲಿ, ನೀವೇ ಹೇಳಿ.’

ಇಷ್ಟು ನಿಜ ಹೇಳುವ ವ್ಯಾಪಾರಿಯನ್ನು ನಾನು ಕಂಡಿರಲಿಲ್ಲ. ಅದನ್ನು ಕೇಳಿದ ಮೇಲೂ ಚೀಲ ಕೊಂಡೆ. ನಮ್ಮ ಮನೆಯಲ್ಲಿ ಇದ್ದದ್ದು ಮೂರೇ ಜನ, ಹೊರಬಲ್ಲ ಬೆನ್ನು ನನ್ನದೊಂದೇ ಎಂದು ಲೆಕ್ಕ ಹಾಕಿದೆ.

ಮನೆಗೆ ತಂದು ನಡುಮನೆಯಲ್ಲಿ ಪೇಪರ್ ಹಾಸಿ ಒಂದೊಂದನ್ನೇ ಹರಡಿ ಪರೀಕ್ಷೆಗೆ ಕೂತೆ. ಟಾರ್ಚು ಇತ್ತು, ಸೆಲ್ ಇರಲಿಲ್ಲ. ಬೆಂಕಿಪೊಟ್ಟಣ ತೇವ ಹಿಡಿದಿತ್ತು. ಬಿಸ್ಕತ್ತನ್ನು ನೆಲಕ್ಕೆ ತಟ್ಟಿದರೆ ಹಂಚಿನ ಸದ್ದು ಬಂತು. ನೈಲಾನ್ ಹಗ್ಗ ಮಾತ್ರ ಒಳ್ಳೇದಿತ್ತು, ಸರೋಜ ಅದನ್ನು ಕಂಡವಳೇ ಹಿತ್ತಲಿನಲ್ಲಿ ಬಟ್ಟೆ ಒಣಹಾಕಲು ಎಷ್ಟುದ್ದ ಬೇಕು ಎಂದು ಮೊಳ ಹಾಕತೊಡಗಿದಳು. ಒಂದು ಸೀಟಿ ಇತ್ತು. ಮನೆ ಕುಸಿದು ಅಡಿಯಲ್ಲಿ ಸಿಕ್ಕಿಬಿದ್ದರೆ ಇದನ್ನು ಊದಬೇಕು ಎಂದು ನಾನು ವಿವರಿಸಿದೆ. ಅಮ್ಮ ಗೋಡೆಗೆ ಒರಗಿ ಕೂತಿದ್ದಳು. ಅವಳಿಗೆ ಉಬ್ಬಸ, ಮಳೆಗಾಲ ಬಂದರೆ ಎರಡು ಮಾತಿನ ನಡುವೆ ಒಂದು ಸಲ ನಿಂತು ಸುಧಾರಿಸಿಕೊಳ್ಳಬೇಕು. ‘ಊದೋಷ್ಟು ಉಸಿರಿದ್ರೆ... ಕೂಗ್ಕೊಳಲ್ವೇನೋ ಸುಬ್ಬು?’ ಎಂದಳು.

ಅಮ್ಮನ ಮಾತಿನಿಂದ ನನಗೊಂದು ದೊಡ್ಡ ನ್ಯೂನತೆ ಹೊಳೆಯಿತು. ಚೀಲದಲ್ಲಿ ಗಾಯಕ್ಕೆ ಅಯೋಡಿನ್ ಇತ್ತು, ಬ್ಯಾಂಡೇಜಿತ್ತು. ಉಬ್ಬಸಕ್ಕೆ ಏನೂ ಇರಲಿಲ್ಲ. ನಮ್ಮ ಮನೆಯ ಆಪತ್ತು ಅಮ್ಮನ ಎದೆಯೊಳಗೇ ಇರುವಾಗ ಇದೆಂಥ ತಯಾರಿ? ತಕ್ಷಣ ಅವಳ ಮಾತ್ರೆಯ ಡಬ್ಬಿ ತೆಗೆದು, ಮೂರು ವಾರಕ್ಕಾಗುವಷ್ಟು ಅದರಲ್ಲೇ ಬಿಟ್ಟು, ಉಳಿದ ಮಾತ್ರೆಪಟ್ಟಿಯನ್ನೆಲ್ಲ ಚೀಲದ ಒಳಜೇಬಿಗೆ ಸೇರಿಸಿದೆ. ಚೀಲ ಪಾಸಾಯಿತು. ತಲೆಬಾಗಿಲ ಪಕ್ಕದಲ್ಲಿ ನಿಲ್ಲಿಸಿ, ಎರಡು ಸಲ ಬೆನ್ನಿಗೇರಿಸಿ ಇಳಿಸಿ ಅಭ್ಯಾಸವನ್ನೂ ಮಾಡಿದೆ.

ಆಷಾಢದಲ್ಲಿ ಹೊಸಿಲ ಹತ್ತಿರ ಕಟ್ಟಿದ ಗಂಟು ಇರುವುದು ಅಮ್ಮನಿಗೆ ಸರಿಬೀಳಲಿಲ್ಲ. ಮಾರನೆಯ ಬೆಳಿಗ್ಗೆ ಪಂಚಾಂಗ ಹಿಡಿದು ಕೂತಳು. ‘ಅದು ರಾಹುಕಾಲದಲ್ಲಿ ಬಿದ್ರೆ ಏನೋ ಮಾಡ್ತೀಯ? ಓಡೋವಾಗ ಒಳ್ಳೇ ಹೊತ್ತು ನೋಡ್ತಾ ಕೂರೋಕಾಗತ್ತಾ? ಈಗ್ಲೇ ಪ್ರಸ್ಥಾನ ಇಟ್ಟುಬಿಡು’ ಎಂದಳು. ಪ್ರಯಾಣದ ದಿನ ಚೆನ್ನಾಗಿಲ್ಲದಿದ್ದರೆ ಮೊದಲೇ ಒಂದು ಒಳ್ಳೆಯ ಗಳಿಗೆಯಲ್ಲಿ ಗಂಟನ್ನು ಪಕ್ಕದ ಮನೆಯಲ್ಲಿ ಇಟ್ಟುಬರುವುದು ನಮ್ಮಲ್ಲಿ ರೂಢಿ. ಗಂಟು ಹೊರಟರೆ ಮನುಷ್ಯ ಹೊರಟಂತೆ, ಆಮೇಲೆ ಯಾವ ಕೆಟ್ಟ ಹೊತ್ತಿನಲ್ಲಿ ಹೆಜ್ಜೆ ಎತ್ತಿದರೂ ದೋಷವಿಲ್ಲ. ಸ್ಕೈಲ್ಯಾಬಿಗೆ ಹೆದರಿ ಪ್ರಸ್ಥಾನ ಇಟ್ಟವರು ಇಡೀ ದೇಶದಲ್ಲಿ ನಾವೊಬ್ಬರೇ ಇರಬೇಕು. ಅಮೃತ ಗಳಿಗೆಯಲ್ಲಿ ಚೀಲ ಹೊತ್ತು ಪಕ್ಕದ ಮನೆಯ ಪದ್ಮಾವತಮ್ಮನವರ ನಡುಮನೆಯ ಮೂಲೆಯಲ್ಲಿ ಇಟ್ಟು, ಹಿಂತಿರುಗಿ ನೋಡದೆ ಬಂದೆ.

ಸ್ಕೈಲ್ಯಾಬ್ ಎಲ್ಲೋ ಆಸ್ಟ್ರೇಲಿಯಾದ ಕಡೆ ಬಿತ್ತು. ಆರ್.ಟಿ. ನಗರದಲ್ಲಿ ಎಲ್ಲರಿಗೂ ಸಂತೋಷ, ನನಗೆ ಸ್ವಲ್ಪ ಅವಮಾನ. ಚೀಲ ತರಲು ಹೊರಟರೆ ಅಮ್ಮ ತಡೆದಳು. ಪ್ರಸ್ಥಾನ ಇಟ್ಟದ್ದನ್ನು ಪ್ರಯಾಣ ಮಾಡದೆ ಮನೆಗೆ ವಾಪಸು ತರಬಾರದಂತೆ, ಶ್ರಾವಣದಲ್ಲಿ ಘಾಟಿ ಸುಬ್ರಹ್ಮಣ್ಯಕ್ಕಾದರೂ ಒಮ್ಮೆ ಹೊತ್ತುಕೊಂಡು ಹೋಗಿಬರಬೇಕಂತೆ. ರಜೆ ನೋಡಿಕೊಂಡು ಹೋಗೋಣ ಎಂದೆ. ಡಬ್ಬಿಯ ಮಾತ್ರೆ ಮುಗಿಯುತ್ತಾ ಬಂತು ಎಂದು ಸರೋಜ ಎರಡು ಸಲ ನೆನಪಿಸಿದಳು. ‘ಚೀಲದಲ್ಲಿ ಪಟ್ಟಿ ಪಟ್ಟಿಯೇ ಇದೆಯಲ್ಲ, ಸುಮ್ನೆ ಯಾಕೆ ಮತ್ತೆ ತರೋದು?’ ಎಂದೆ. ಗೋಡೆಯಾಚೆಗೆ ಇರುವುದನ್ನು ಕೈಯಲ್ಲೇ ಇದ್ದಂತೆ ಭಾವಿಸಿದ ನನ್ನ ಆ ನೆಮ್ಮದಿಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಶ್ರಾವಣದ ಒಂದು ಭಾನುವಾರ, ಊಟ ಮುಗಿಸಿ ಎಲೆ ತೆಗೆಯುವ ಹೊತ್ತಿಗೆ ಅಮ್ಮನಿಗೆ ಉಬ್ಬಸ ಎದ್ದಿತು. ದಿನದ ಏದುಸಿರಲ್ಲ ಅದು. ತುಟಿ ನೀಲಿಯಾಗಿ, ಕತ್ತಿನ ನರ ಎದ್ದು, ಕಿಟಕಿಯ ಸರಳು ಹಿಡಿದು ಕೂತುಬಿಟ್ಟಳು. ಡಬ್ಬಿ ತೆಗೆದರೆ ಖಾಲಿ. ನಾನು ಪಕ್ಕದ ಮನೆಗೆ ಓಡಿದೆ. ಬಾಗಿಲಿಗೆ ಬೀಗ.

ಆ ಬೀಗವನ್ನು ನಾನು ಕೈಯಲ್ಲಿ ಹಿಡಿದು ನೋಡಿದೆ. ತಗಡಿನದು, ಕೊಂಡಿ ಸಡಿಲ. ತಟ್ಟಿದ ಕೂಡಲೇ ಗೊತ್ತಾಯಿತು, ಒಂದು ಏಟಿಗೆ ಬೀಳುವ ಮಾಲು. ಕಾಲ ಬಳಿಯೇ ಕಲ್ಲೂ ಇತ್ತು. ಎದುರು ಮನೆಯ ಜಗಲಿಯಲ್ಲಿ ನಿವೃತ್ತ ಹೆಡ್‌ಮಾಸ್ಟರು ಪೇಪರ್ ಓದುತ್ತಾ ಕೂತಿದ್ದರು. ‘ಏನ್ ಸಮಾಚಾರ? ಅವ್ರು ಬಾಗಲೂರಿಗೆ ಹೋಗಿದಾರೆ ಕಣ್ರೀ, ನಾಮಕರಣಕ್ಕೆ. ಸಾಯಂಕಾಲ ಬರ್ತಾರೆ’ ಎಂದರು. ನಾನು ಬೀಗ ಬಿಟ್ಟು, ‘ಹೌದಾ ಸಾರ್, ಸರಿ ಸಾರ್’ ಎಂದೆ. ಅಮ್ಮ ಒಳಗೆ ಉಸಿರಿಗೆ ಒದ್ದಾಡುತ್ತಿದ್ದಾಳೆ, ನಾನು ಹೊರಗೆ ಮರ್ಯಾದೆಯಿಂದ ‘ಸರಿ ಸಾರ್’ ಎನ್ನುತ್ತಿದ್ದೇನೆ. ಹಾಡಹಗಲಿನಲ್ಲಿ, ಎದುರಿಗೊಬ್ಬರು ನೋಡುತ್ತಿರುವಾಗ, ಕಂಡವರ ಮನೆ ಬೀಗ ಒಡೆಯಲು ನನ್ನ ಕೈ ಏಳಲಿಲ್ಲ. ಮೆಡಿಕಲ್ ಸ್ಟೋರಿಗೆ ಓಡಿದೆ. ಭಾನುವಾರ, ಷಟರ್ ಎಳೆದಿತ್ತು. ಹೆಬ್ಬಾಳದ ಡಾಕ್ಟರ ಮನೆಗೆ ಆಟೋ ಸಿಗುತ್ತದೇನೋ ಎಂದು ರಸ್ತೆಯ ಎರಡೂ ಕಡೆ ನೋಡುತ್ತಾ ನಿಂತೆ. ಒಂದೂ ಸಿಗದೆ ಬರಿಗೈಯಲ್ಲಿ ವಾಪಸು ಬಂದೆ.

ಪದ್ಮಾವತಮ್ಮನವರ ಬಾಗಿಲು ಹಾರುಹೊಡೆದಿತ್ತು. ಮೆಟ್ಟಿಲ ಮೇಲೆ ನಮ್ಮ ರುಬ್ಬುವ ಗುಂಡುಕಲ್ಲು, ಅದರ ಪಕ್ಕದಲ್ಲಿ ಬೀಗ. ಮನೆಯೊಳಗೆ ಸರೋಜ ಅಮ್ಮನ ಬೆನ್ನು ಸವರುತ್ತಿದ್ದಳು, ಮಾತ್ರೆ ಆಗಲೇ ಒಳಗೆ ಹೋಗಿತ್ತು. ನೆಲದ ಮೇಲೆ ಚೀಲದ ಸಾಮಾನೆಲ್ಲ ಚೆಲ್ಲಾಪಿಲ್ಲಿ. ನನ್ನನ್ನು ಕಂಡು ಅವಳು, ‘ಬಿಸಿನೀರು ತನ್ನಿ’ ಎಂದಳು, ಅಷ್ಟೇ. ಸಾಯಂಕಾಲ ಬಂದ ಪದ್ಮಾವತಮ್ಮನವರು, ‘ಬೀಗ ಹೋದ್ರೆ ಹೋಯ್ತು ಬಿಡ್ರಿ, ಜೀವ ದೊಡ್ಡದು’ ಎಂದು ಕಣ್ಣೀರು ಹಾಕಿದರು. ಹೆಡ್‌ಮಾಸ್ಟರು ಮಾತ್ರ ನನ್ನನ್ನೇ ನೋಡುತ್ತಾ, ‘ಒಂದ್ ಮಾತು ಹೇಳಿದ್ರೆ ನಾನೇ ಒಡೀತಿದ್ನಲ್ರೀ’ ಎಂದರು.

ಅಮ್ಮ ಆ ಚಳಿಗಾಲವನ್ನು ದಾಟಲಿಲ್ಲ. ಆಗ ಮಾತ್ರೆ ತಲೆದಿಂಬಿನ ಪಕ್ಕದಲ್ಲೇ ಇತ್ತು, ಡಾಕ್ಟರೂ ಇದ್ದರು, ಯಾರ ಮೇಲೂ ತಪ್ಪು ಹೊರಿಸುವಂತಿರಲಿಲ್ಲ. ಇಂಥ ಚೀಲ ಕೊಳ್ಳಬಹುದೇ ಎಂದು ನನ್ನನ್ನು ಯಾರಾದರೂ ಕೇಳಿದರೆ, ಸೆಲ್ ಇದೆಯೇ ನೋಡಿ, ಬಿಸ್ಕತ್ತು ಮುರಿದು ನೋಡಿ ಎಂದು ಈಗಲೂ ಗಂಟಲು ಸರಿಪಡಿಸಿಕೊಂಡು ಹೇಳುತ್ತೇನೆ. ಹೊರುವವನನ್ನು ಹೇಗೆ ತಟ್ಟಿ ನೋಡಬೇಕು ಎಂಬುದನ್ನು ಮಾತ್ರ ಹೇಳುವುದಿಲ್ಲ.

ಆ ಭಾನುವಾರ ಕಳೆದು ಎರಡನೆಯ ದಿನ ಅಮ್ಮನಿಗೆ ಗಂಜಿ ಕುಡಿಸುತ್ತಾ ಕೂತಿದ್ದೆ. ಅವತ್ತು ಅವಳು ಸರಳು ಹಿಡಿದು ಕೂತಿದ್ದ ಕಿಟಕಿಯಿಂದ ಪಕ್ಕದ ಮನೆಯ ಬಾಗಿಲು ನೇರವಾಗಿ ಕಾಣುತ್ತದೆ ಎಂಬುದು ನನಗೆ ಹೊಳೆದದ್ದು ಆಗಲೇ. ಅಮ್ಮ ಬಹಳ ಹೊತ್ತು ಆ ಕಡೆಯೇ ನೋಡಿ, ಮೆಲ್ಲಗೆ ಕೇಳಿದಳು:

‘ಬೀಗ ಭಾಳ ಗಟ್ಟಿ ಇತ್ತೇನೋ ಸುಬ್ಬು?’

ಅಲ್ಲೇ ಕೂತು ಅಕ್ಕಿ ಆರಿಸುತ್ತಿದ್ದ ಸರೋಜಳ ಕೈ ಮೊರದ ಮೇಲೆ ನಿಂತಿತು.

‘ಹೂಂ ಕಣಮ್ಮ, ಭಾಳ ಗಟ್ಟಿ’ ಎಂದೆ.

‘ಅದೇ ಅನ್ಕೊಂಡೆ’ ಎಂದು ಅಮ್ಮ ಮುಂದಿನ ಚಮಚಕ್ಕೆ ಬಾಯಿ ತೆರೆದಳು.